ಹಾಸನದಲ್ಲಿ ಕೂತು ಯೂರೋವಿಷನ್ ಸವಿಯುವುದು ಹೇಗೆ: ಹಾಡು ಪ್ರೀತಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹೆಚ್ಚಾಗಿ ಯುರೋಪಿನ ದೇಶಗಳು ದೇಶಕ್ಕೊಂದು ಹಾಡು ಕಳಿಸಿ ಪೈಪೋಟಿ ನಡೆಸುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್ ಅಲ್ಲಿ ಮೇ ತಿಂಗಳ ಒಂದು ಶನಿವಾರ ರಾತ್ರಿ ಒಂಬತ್ತಕ್ಕೆ ಶುರುವಾಗುತ್ತದೆ. ನಮಗೆ ಆಗ ಮಧ್ಯರಾತ್ರಿ ಹನ್ನೆರಡೂವರೆ, ಅಂದರೆ ಭಾನುವಾರ ಆಗಲೇ ಹುಟ್ಟಿರುತ್ತದೆ. ಮುಗಿಯುವುದು ನಾಲ್ಕು ಗಂಟೆ ದಾಟಿದ ಮೇಲೆ. ಆ ಹೊತ್ತಿಗೆ ಹಾಸನದ ಸುತ್ತಲಿನ ಹಳ್ಳಿಗಳಲ್ಲಿ ಹಾಲು ಕರೆಯುವವರು ಎದ್ದಿರುತ್ತಾರೆ. ಇಷ್ಟು ನಿದ್ದೆಗೆಟ್ಟು ನೋಡುವಂಥದ್ದು ಅದರಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಒಳ್ಳೆಯ ಸಂಗೀತ ಇದೆ.

ಇದು ಬರೀ ಬೆಳಕು, ಬೆಂಕಿ, ವೇಷಗಳ ಸಂತೆ ಎಂಬ ಮಾತು ಎಲ್ಲ ಕಡೆ ಇದೆ. ಟಿವಿ ಹಚ್ಚಿ ನೇರವಾಗಿ ಫೈನಲ್ ನೋಡಿದರೆ ಹಾಗೆ ಅನಿಸುವುದು ಸಹಜ. ಒಂದರ ಹಿಂದೆ ಒಂದು ಇಪ್ಪತ್ತೈದರಷ್ಟು ಅಪರಿಚಿತ ಹಾಡು ಬಂದರೆ ಕಿವಿ ಸೋಲುತ್ತದೆ, ಕಣ್ಣು ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ನನ್ನ ಸಲಹೆ: ಮೊದಲು ಕೇಳಿ, ಆಮೇಲೆ ನೋಡಿ. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಮೊದಲು ನಿಯಮ ತಿಳಿದುಕೊಳ್ಳಿ

ಮೊದಲ ಸ್ಪರ್ಧೆ ನಡೆದದ್ದು 1956ರ ಮೇ 24ರಂದು, ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ. ಏಳು ದೇಶ, ದೇಶಕ್ಕೆ ಎರಡೆರಡು ಹಾಡು. ಗೆದ್ದದ್ದು ಸ್ವಿಟ್ಜರ್ಲೆಂಡೇ, ಹಾಡಿದವರು ಲೀಸ್ ಆಸಿಯಾ. ನಡೆಸುವವರು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್. ನಮ್ಮ ಆಕಾಶವಾಣಿ, ದೂರದರ್ಶನದಂಥ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ ಅದು. ಕೊರೊನಾ ಬಂದ 2020 ಒಂದನ್ನು ಬಿಟ್ಟರೆ ಪ್ರತಿ ವರ್ಷವೂ ನಡೆದಿದೆ.

ಇತಿಹಾಸ ಇಷ್ಟು ಸಾಕು. ನಿಯಮಗಳನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಹಾಡಿನ ಆಕಾರ ಅವುಗಳಿಂದಲೇ ಬರುತ್ತದೆ. ಹಾಡು ಮೂರು ನಿಮಿಷ ಮೀರುವಂತಿಲ್ಲ. ವೇದಿಕೆ ಮೇಲೆ ಆರು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಡುವವರಿಗೆ ಹದಿನಾರು ತುಂಬಿರಬೇಕು. ಮುಖ್ಯ ಗಾಯನ ಅಲ್ಲೇ ನೇರವಾಗಿ ಆಗಬೇಕು. ವಾದ್ಯಗಳು ಮಾತ್ರ ರೆಕಾರ್ಡ್ ಆಗಿ ಬರುತ್ತವೆ. ವೇದಿಕೆಯಲ್ಲಿ ಗಿಟಾರ್, ಡ್ರಮ್ ಹಿಡಿದವರು ಕಂಡರೂ ನಮಗೆ ಕೇಳುವುದು ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್. 1998ರವರೆಗೆ ನೇರ ಆರ್ಕೆಸ್ಟ್ರಾ ಇತ್ತು. 2021ರಿಂದ ಹಿನ್ನೆಲೆ ದನಿಗಳನ್ನೂ ರೆಕಾರ್ಡ್ ಮಾಡಿ ತರಬಹುದು. ನನಗೆ ಈ ಬದಲಾವಣೆ ಇಷ್ಟವಾಗಲಿಲ್ಲ. ಐದು ಜನ ಸೇರಿ ನೇರವಾಗಿ ಹಾಡುವಾಗ ಬರುವ ತುಂಬು ದನಿ ಬೇರೆಯೇ.

ಯಾವ ಭಾಷೆಯಲ್ಲಾದರೂ ಹಾಡಬಹುದು ಎಂಬ ನಿಯಮ 1999ರಿಂದ ಗಟ್ಟಿಯಾಗಿ ಇದೆ. ಅದಕ್ಕೆ ಮೊದಲು ಬಹುಪಾಲು ವರ್ಷ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕಿತ್ತು.

ಮಾರ್ಚ್ ತಿಂಗಳು: ಕಣ್ಣಿಗೆ ರಜೆ ಕೊಡಿ

ಮಾರ್ಚ್ ಮಧ್ಯದ ಹೊತ್ತಿಗೆ ಎಲ್ಲ ದೇಶಗಳ ಹಾಡೂ ಹೊರಬಂದಿರುತ್ತವೆ. ಸ್ಪರ್ಧೆಯ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ, ಹಾಡಿನ ಆ್ಯಪ್‌ಗಳಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಮೂವತ್ತೈದು ಹಾಡು ಅಂದರೂ ಎರಡು ಗಂಟೆಯೊಳಗೆ ಮುಗಿಯುತ್ತವೆ. ಇಲ್ಲಿ ವಿಡಿಯೊ ನೋಡಬೇಡಿ. ಫೋನ್ ಜೇಬಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಮಹಾರಾಜ ಪಾರ್ಕಿನಲ್ಲಿ ಸಂಜೆ ಸುತ್ತು ಹಾಕುತ್ತ ಕೇಳಿ. ಎರಡು ಸಂಜೆಯಲ್ಲಿ ಆರಾಮವಾಗಿ ಆಗುತ್ತದೆ.

ಮೊದಲ ಸುತ್ತಿನಲ್ಲಿ ಏನೂ ಬರೆದುಕೊಳ್ಳಬೇಡಿ, ಯಾವ ದೇಶದ್ದು ಎಂದೂ ನೋಡಬೇಡಿ. ಸುಮ್ನೆ ಕೇಳಿ. ಮಾರನೇ ದಿನ ಸ್ನಾನ ಮಾಡುವಾಗಲೋ ಬಸ್ಸಿನಲ್ಲಿ ಹೋಗುವಾಗಲೋ ಯಾವುದು ತಾನಾಗಿ ಬಾಯಿಗೆ ಬರುತ್ತದೆ ಎಂದು ಗಮನಿಸಿ. ಅದನ್ನು ಮಾತ್ರ ಒಂದು ಕಡೆ ಗುರುತು ಹಾಕಿಕೊಳ್ಳಿ.

ಎರಡನೇ ಸುತ್ತಿನಲ್ಲಿ ನಿಧಾನ ಮಾಡಿ. ಈಗ ಹಾಡಿನ ಒಳಗೆ ಏನಾಗುತ್ತಿದೆ ಎಂದು ಕೇಳಬೇಕು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಮೊದಲು ಹೊಸದು ಅನಿಸುವುದು ಶ್ರುತಿ. ನಮ್ಮ ಕಚೇರಿಯಲ್ಲಿ ತಂಬೂರಿಯ ಆಧಾರ ಶ್ರುತಿ ಕೊನೆಯವರೆಗೂ ಕದಲುವುದಿಲ್ಲ. ಇಲ್ಲಿ ಕೊನೆಯ ಪಲ್ಲವಿ ಬರುವಾಗ ಇಡೀ ಹಾಡೇ ಅರ್ಧ ಸ್ವರವೋ ಒಂದು ಸ್ವರವೋ ಮೇಲಕ್ಕೆ ಏರಿಬಿಡುತ್ತದೆ. ಯೂರೋವಿಷನ್‌ನ ಹಳೇ ಹಾಡುಗಳಲ್ಲಿ ಇದು ಜಾಸ್ತಿ, ಈಗ ಕಡಿಮೆ. ಆ ಏರುವ ಜಾಗವನ್ನು ಹಿಡಿಯುವುದು ಕಲಿತರೆ ಮಜಾ ಬರುತ್ತದೆ. ಏರುವ ಮುಂಚೆ ಗಾಯಕರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಏರಿದ ಮೇಲೆ ದನಿ ತೆಳುವಾಗುತ್ತದಾ ಎಂದು ಕೇಳಿ.

ಇನ್ನೊಂದು, ಹಾಡಿನ ಕೆಳಗಿನ ಪದರ. ನಮ್ಮಲ್ಲಿ ಒಂದೇ ರಾಗದ ಎಳೆ ಮುಂದೆ ಹೋಗುತ್ತದೆ. ಅಲ್ಲಿ ರಾಗದ ಕೆಳಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಬದಲಾಗುತ್ತಿರುತ್ತವೆ. ಅದೇ ಸ್ವರ, ಕೆಳಗಿನ ಕಾರ್ಡ್ ಬದಲಾದ ತಕ್ಷಣ ಸಂತೋಷದಿಂದ ಬೇಸರಕ್ಕೆ ತಿರುಗುತ್ತದೆ. ಅದನ್ನು ಹಿಡಿಯಲು ಸುಲಭ ದಾರಿ, ಒಂದು ಸಲ ಗಾಯಕರ ದನಿಯನ್ನು ಪೂರ್ತಿ ಮರೆತು ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸುವುದು.

ತಾಳದ ವಿಷಯಕ್ಕೆ ಬಂದರೆ ಹೆಚ್ಚಿನವು ನಾಲ್ಕರ ಎಣಿಕೆ. ಅದಕ್ಕೇ ಬೇರೆ ಎಣಿಕೆಯ ಹಾಡೋ ವೇಗ ಬದಲಾಗುವ ಹಾಡೋ ಬಂದರೆ ಕಿವಿ ನೆಟ್ಟಗಾಗುತ್ತದೆ. 2021ರಲ್ಲಿ ಉಕ್ರೇನಿನ ಗೋ ಎ ತಂಡದ ಹಾಡನ್ನು ಇದಕ್ಕಾಗಿಯೇ ಹುಡುಕಿ ಕೇಳಿ. ಎಣಿಕೆ ಅದೇ, ಆದರೆ ವೇಗ ಹೆಚ್ಚುತ್ತಾ ಹೋಗುತ್ತದೆ. ಕತೆರಿನಾ ಪಾವ್ಲೆಂಕೋ ಹಾಡುವುದು ಅಲ್ಲಿನ ಹಳ್ಳಿಯ ಹೆಂಗಸರು ಬಯಲಲ್ಲಿ ಹಾಡುವ ತೆರೆದ ಕಂಠದಲ್ಲಿ, ಸ್ವಲ್ಪವೂ ಅಲುಗಿಸದೆ. ಜೊತೆಗೆ ಸೊಪಿಲ್ಕಾ ಎಂಬ ಕೊಳಲು. ನಮ್ಮ ಸೋಬಾನೆ ಹಾಡುವ ಅಜ್ಜಿಯರ ದನಿ ಕೇಳಿದವರಿಗೆ ಆ ಕಂಠ ದೂರದ್ದು ಅನಿಸುವುದೇ ಇಲ್ಲ.

ಮೂರನೇ ಸುತ್ತು ಅರ್ಥಕ್ಕೆ. ಸಾಹಿತ್ಯದ ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ, ಒಮ್ಮೆ ಓದಿ. ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಗೊತ್ತಿಲ್ಲದ ಭಾಷೆಯ ಹಾಡನ್ನು ಅನುಭವಿಸುವುದು ನಮಗೇನೂ ಹೊಸದಲ್ಲ. ನಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನೋಡಿ. ಕಾವೇರಿ ದಡದ ಒಂದು ಪುಟ್ಟ ಊರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಅವರಂಥ ವಿದ್ವಾಂಸರನ್ನು ಕೊಟ್ಟಿದೆ. ತಂಬೂರಿ ಆಕಾರದ ಸಪ್ತಸ್ವರ ಮಂದಿರವೂ ಅಲ್ಲಿದೆ. ಆ ಪರಂಪರೆಯ ಕೇಳುಗರು ತ್ಯಾಗರಾಜರ ತೆಲುಗು ಕೃತಿಗೆ ತಲೆದೂಗುವಾಗ ಪ್ರತಿ ಪದದ ಅರ್ಥ ಕೇಳುತ್ತ ಕೂರುವುದಿಲ್ಲ. ರಾಗವೇ ಅರ್ಧ ಅರ್ಥ ಹೇಳಿರುತ್ತದೆ. ಪೋರ್ಚುಗೀಸ್, ಸರ್ಬಿಯನ್, ಎಸ್ಟೋನಿಯನ್ ಹಾಡುಗಳಿಗೂ ಅದೇ ಕಿವಿ ಸಾಕು.

ಹಳೆಯ ಹಾಡುಗಳಿಂದ ಕಿವಿ ಪಳಗಿಸಿಕೊಳ್ಳಿ

ಹೊಸಬರಾದರೆ ಏಪ್ರಿಲ್ ತಿಂಗಳಲ್ಲಿ ಹಳೆಯ ಪ್ರದರ್ಶನಗಳನ್ನು ಒಂದಷ್ಟು ನೋಡಿ. ಎಲ್ಲ ಬೇಡ, ಆರಿಸಿಕೊಳ್ಳಿ. 1974ರಲ್ಲಿ ಬ್ರೈಟನ್ನಿನಲ್ಲಿ ಸ್ವೀಡನ್ನಿನ ಆಬ್ಬಾ ಗೆದ್ದದ್ದು. 1988ರಲ್ಲಿ ಸ್ವಿಟ್ಜರ್ಲೆಂಡ್ ಪರವಾಗಿ ಕೆನಡಾದ ಸೆಲಿನ್ ಡಿಯಾನ್ ಒಂದೇ ಒಂದು ಅಂಕದಿಂದ ಗೆದ್ದದ್ದು. 1995ರಲ್ಲಿ ನಾರ್ವೆಯ ಸೀಕ್ರೆಟ್ ಗಾರ್ಡನ್ ಗೆದ್ದ ಹಾಡಿನಲ್ಲಿ ಇದ್ದದ್ದು ಬರೀ 24 ಪದ. ಉಳಿದದ್ದೆಲ್ಲ ಹೆಚ್ಚಾಗಿ ವಯಲಿನ್. 2006ರಲ್ಲಿ ರಾಕ್ಷಸರ ಮುಖವಾಡ ಹಾಕಿದ ಫಿನ್ಲೆಂಡಿನ ಲೋರ್ಡಿ ಹಾರ್ಡ್ ರಾಕ್ ಹಾಡಿ ಗೆದ್ದಿತು. 2016ರಲ್ಲಿ ಉಕ್ರೇನಿನ ಜಮಾಲಾ, 1944ರಲ್ಲಿ ಸ್ಟಾಲಿನ್ ಕಾಲದಲ್ಲಿ ಕ್ರಿಮಿಯನ್ ತಾತಾರರನ್ನು ಊರು ಬಿಡಿಸಿದ ಕಥೆ ಹಾಡಿದರು. ಪಲ್ಲವಿ ಕ್ರಿಮಿಯನ್ ತಾತಾರ್ ಭಾಷೆಯಲ್ಲೇ ಇತ್ತು.

ಒಂದನ್ನೇ ಆರಿಸಿ ಎಂದರೆ ನಾನು 2017ರ ಸಾಲ್ವಡೋರ್ ಸೋಬ್ರಲ್ ಹಾಡನ್ನು ಕೈಗೆ ಕೊಡುತ್ತೇನೆ. ಕೀವ್ ನಗರದಲ್ಲಿ ನಡೆದ ಸ್ಪರ್ಧೆ. ಪೋರ್ಚುಗಲ್ 1964ರಿಂದ ಪಾಲ್ಗೊಳ್ಳುತ್ತಿದ್ದರೂ ಒಮ್ಮೆಯೂ ಗೆದ್ದಿರಲಿಲ್ಲ. ಸೋಬ್ರಲ್ ದೊಡ್ಡ ವೇದಿಕೆ ಬಿಟ್ಟು ಜನರ ನಡುವಿನ ಪುಟ್ಟ ವೇದಿಕೆಯಲ್ಲಿ ಒಬ್ಬರೇ ನಿಂತರು. ಕುಣಿಯುವವರಿಲ್ಲ, ಬೆಂಕಿ ಇಲ್ಲ. ಹಾಡು ಬರೆದದ್ದು ಅವರ ಅಕ್ಕ ಲೂಯಿಸಾ. ಪಿಯಾನೊ, ತಂತಿವಾದ್ಯಗಳ ಮೇಲೆ ಮೂರರ ಎಣಿಕೆಯಲ್ಲಿ ತೂಗುವ ನಿಧಾನದ ಹಾಡು. ಗಮನಿಸಬೇಕಾದ್ದು, ಅವರು ಎಣಿಕೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಪದವನ್ನು ಸ್ವಲ್ಪ ತಡ ಮಾಡಿ ಬಿಡುತ್ತಾರೆ, ಮುಂದಿನದನ್ನು ಬೇಗ ಹಿಡಿಯುತ್ತಾರೆ. ಸಾಲಿನ ಕೊನೆಯಲ್ಲಿ ದನಿಯನ್ನು ಉಸಿರಿನಷ್ಟು ತೆಳ್ಳಗೆ ಮಾಡುತ್ತಾರೆ. ಅರಕಲಗೂಡಿನ ನಮ್ಮ ದೊಡ್ಡಪ್ಪನಿಗೆ ಇದನ್ನು ಕೇಳಿಸಿದ್ದೆ. ಎಡಗೈಯಲ್ಲಿ ತೊಡೆ ಮೇಲೆ ಮೂರು ಎಣಿಸುತ್ತ ಕೂತಿದ್ದರು. ಮುಗಿದ ಮೇಲೆ, "ಹುಡುಗ ತಾಳ ಬಿಟ್ಟ ಅನ್ಕೊಂಡೆ ಕಣೋ. ಬಿಟ್ಟಿಲ್ಲ, ಆಟ ಆಡ್ತಿದಾನೆ. ಇನ್ನೊಂದ್ಸಲ ಹಾಕು" ಅಂದರು. ಆ ವರ್ಷ ತೀರ್ಪುಗಾರರೂ ಜನರೂ ಇಬ್ಬರೂ ಸೋಬ್ರಲ್ ಅವರಿಗೇ ಮೊದಲ ಸ್ಥಾನ ಕೊಟ್ಟರು. ಒಟ್ಟು 758 ಅಂಕ.

ಅದರ ಪಕ್ಕದಲ್ಲೇ 2025ರಲ್ಲಿ ಬಾಸೆಲ್‌ನಲ್ಲಿ ಗೆದ್ದ ಆಸ್ಟ್ರಿಯಾದ ಜೆಜೆ ಅವರನ್ನು ಕೇಳಿ. ಅವರದು ಕೌಂಟರ್‌ಟೆನರ್, ಅಂದರೆ ಗಂಡಸು ಹೆಂಗಸರ ಎತ್ತರದ ಸ್ಥಾಯಿಯಲ್ಲಿ ಹಾಡುವ ಒಪೆರಾ ಕಂಠ. ಕಪ್ಪು ಬಿಳುಪಿನಲ್ಲಿ, ಬಿರುಗಾಳಿಗೆ ಸಿಕ್ಕ ದೋಣಿಯ ಮೇಲೆ ನಿಂತು ಹಾಡುತ್ತಾರೆ. ಕೊನೆಯಲ್ಲಿ ಒಪೆರಾ ಪಕ್ಕಕ್ಕೆ ಸರಿದು ಟೆಕ್ನೊ ಬೀಟ್ ನುಗ್ಗುತ್ತದೆ. ಸೋಬ್ರಲ್, ಜೆಜೆ ಇಬ್ಬರನ್ನೂ ಒಂದೇ ಸಂಜೆ ಕೇಳಿದರೆ ಮೂರು ನಿಮಿಷದಲ್ಲಿ ಎಷ್ಟು ಬೇರೆ ಬೇರೆ ದಾರಿ ಇದೆ ಎಂದು ಗೊತ್ತಾಗುತ್ತದೆ.

ನಿಮ್ಮ ಪಟ್ಟಿ ನೀವೇ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದೇಶ, ಭಾಷೆ, ಹಾಡು, ದನಿ ಎಂದು ನಾಲ್ಕು ಕಾಲಂ ಎಳೆಯಿರಿ. ವೇದಿಕೆಗೆ ಐದನೇ ಕಾಲಂ ಖಾಲಿ ಬಿಡಿ, ಅದು ಮೇ ತಿಂಗಳಲ್ಲಿ ತುಂಬುತ್ತದೆ. ಅಂಕ ಕೊಡುವಾಗ ಅವರ ಪದ್ಧತಿಯನ್ನೇ ಬಳಸಿ: ಮೊದಲನೆಯದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. 1975ರಿಂದ ಇದೇ ಇದೆ. ಹತ್ತು ಹಾಡಿಗೆ ಮಾತ್ರ ಅಂಕ, ಉಳಿದವಕ್ಕೆ ಸೊನ್ನೆ. ಎಲ್ಲಕ್ಕೂ ಹತ್ತಕ್ಕೆ ಏಳು ಎಂಟು ಕೊಟ್ಟು ತಪ್ಪಿಸಿಕೊಳ್ಳಲು ಇಲ್ಲಿ ಆಗುವುದಿಲ್ಲ. ಹತ್ತನೆಯದು ಯಾವುದು, ಹನ್ನೊಂದನೆಯದು ಯಾವುದು ಎಂದು ನಿರ್ಧರಿಸಲು ಕೂತಾಗಲೇ ನಿಮಗೆ ನಿಜವಾಗಿ ಏನಿಷ್ಟ ಎಂದು ತಿಳಿಯುವುದು.

ಬಾಜಿ ಕಟ್ಟುವವರ ಲೆಕ್ಕ, ಯಾರು ಗೆಲ್ಲುತ್ತಾರೆ ಎಂಬ ಭವಿಷ್ಯ ಇವನ್ನು ಪಟ್ಟಿ ಮುಗಿಯುವವರೆಗೆ ನೋಡಲೇಬೇಡಿ. ಒಮ್ಮೆ ನೋಡಿದರೆ ಆ ಹಾಡು ಕೇಳುವಾಗೆಲ್ಲ ಅದೇ ತಲೆಯಲ್ಲಿ ಕೂರುತ್ತದೆ.

ಆ ರಾತ್ರಿಗೆ ಮನೆ ಸಿದ್ಧ ಮಾಡಿಕೊಳ್ಳುವುದು

ಮೊದಲ ಸೆಮಿಫೈನಲ್ ಮಂಗಳವಾರ, ಎರಡನೆಯದು ಗುರುವಾರ, ಫೈನಲ್ ಶನಿವಾರ. ಮೂರಕ್ಕೂ ನಮ್ಮಲ್ಲಿ ಹನ್ನೆರಡೂವರೆಯೇ. ಸೆಮಿಫೈನಲ್‌ಗಳಿಗೆ ಮಾರನೇ ದಿನ ಕೆಲಸ ಇರುತ್ತದೆ, ಅವನ್ನು ಬೆಳಿಗ್ಗೆ ನೋಡಿ. ಎಚ್ಚರ ಇರುವುದು ಫೈನಲ್‌ಗೆ. ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಚೆನ್ನಾಗಿ ಒಂದು ನಿದ್ದೆ ತೆಗೆಯಿರಿ. ರಾತ್ರಿ ಊಟ ಹಗುರವಾಗಿರಲಿ. ನಿಪ್ಪಟ್ಟು, ಕೋಡುಬಳೆ, ಸಕಲೇಶಪುರದ ಕಡೆಯ ಒಳ್ಳೆ ಪುಡಿಯ ಕಾಫಿ ಒಂದು ಫ್ಲಾಸ್ಕ್ ಇದ್ದರೆ ಸಾಕು.

ಮೇ ತಿಂಗಳು ಅಂದರೆ ಗುಡುಗು ಮಳೆಯ ಕಾಲ. ಸಂಜೆ ಹೊಡೆದ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಫೋನ್, ಪವರ್ ಬ್ಯಾಂಕ್ ಎರಡನ್ನೂ ಸಂಜೆಯೊಳಗೆ ಚಾರ್ಜ್ ಮಾಡಿಡಿ. ಮನೆಯ ವೈಫೈ ಕೈಕೊಟ್ಟರೆ ಫೋನಿನ ಡೇಟಾ ಇರಲಿ. ನೆಟ್ ನಿಧಾನ ಅನಿಸಿದರೆ ಚಿತ್ರದ ಗುಣಮಟ್ಟ ಇಳಿಸಿ. ಚಿತ್ರ ಮಸುಕಾದರೂ ಪರವಾಗಿಲ್ಲ, ಹಾಡು ತುಂಡಾಗಬಾರದು.

ಟಿವಿಯ ಸ್ಪೀಕರ್ ಈ ಸಂಗೀತಕ್ಕೆ ಸಾಲುವುದಿಲ್ಲ. ಮಧ್ಯರಾತ್ರಿ ಮನೆಯಲ್ಲಿ ಅಪ್ಪ ಅಮ್ಮ ಮಲಗಿರುತ್ತಾರೆ, ಪಕ್ಕದ ಮನೆಯವರೂ ಇದ್ದಾರೆ. ವೈರ್ ಇರುವ ಒಂದು ಸಾಧಾರಣ ಹೆಡ್‌ಫೋನ್ ಸಾಕು. ಇಬ್ಬರಿದ್ದರೆ ಎರಡು ಹೆಡ್‌ಫೋನ್ ಸಿಕ್ಕಿಸುವ ಕವಲು ಪಿನ್ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ.

ನೇರ ಪ್ರಸಾರವನ್ನು ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲೇ ನೋಡಿ. ಅದರಲ್ಲಿ ಮಧ್ಯೆ ಮಧ್ಯೆ ಮಾತಾಡುವ ವೀಕ್ಷಕ ವಿವರಣೆ ಇರುವುದಿಲ್ಲ. ಸಂಗೀತ ಕೇಳಲು ಬಂದವರಿಗೆ ಇದೇ ಒಳ್ಳೆಯದು.

ಹಾಡು ನಡೆಯುವಾಗ

ಪ್ರಸಾರ ಶುರುವಾಗುವ ಕ್ಷಣ ತಪ್ಪಿಸಿಕೊಳ್ಳಬೇಡಿ. ತುತ್ತೂರಿಯ ಗಂಭೀರ ನುಡಿಸಾಣಿಕೆ ಕೇಳುತ್ತದಲ್ಲ, ಅದು ಫ್ರಾನ್ಸಿನ ಮಾರ್ಕ್ ಆಂಟ್ವಾನ್ ಶಾರ್ಪಾಂತಿಯೆ ಹದಿನೇಳನೇ ಶತಮಾನದಲ್ಲಿ ರಚಿಸಿದ ಚರ್ಚ್ ಸಂಗೀತದ ಆರಂಭ. ಯೂರೋವಿಷನ್ ಪ್ರಸಾರಗಳ ಗುರುತಿನ ರಾಗ ಅದು.

ಮಾರ್ಚ್‌ನಿಂದ ಕೇಳಿದ ಹಾಡುಗಳು ಈಗ ಕಣ್ಣೆದುರು ಬರುತ್ತವೆ. ನೀವು ಹೋಲಿಸಬೇಕಾದ್ದು ಒಂದು ದೇಶವನ್ನು ಇನ್ನೊಂದರ ಜೊತೆಗಲ್ಲ. ಅದೇ ಹಾಡಿನ ರೆಕಾರ್ಡಿಂಗನ್ನು ಈ ನೇರ ಗಾಯನದ ಜೊತೆಗೆ. ಸ್ಟುಡಿಯೋದಲ್ಲಿ ನುಣ್ಣಗಿದ್ದ ಎತ್ತರದ ಸ್ವರ ಇಲ್ಲಿ ಹೇಗೆ ಬಂತು? ಕುಣಿಯುತ್ತ ಹಾಡುವವರು ಯಾವ ಸಾಲನ್ನು ಹಿನ್ನೆಲೆ ದನಿಗೆ ಬಿಟ್ಟುಕೊಟ್ಟರು? ಮೊದಲ ಸಾಲಿನಲ್ಲಿ ನಡುಗಿದ ದನಿ ಎರಡನೇ ಪಲ್ಲವಿಯಲ್ಲಿ ಗಟ್ಟಿಯಾಯಿತಾ? ನನಗೆ ಈ ಸಣ್ಣ ನಡುಕಗಳು ತುಂಬಾ ಇಷ್ಟ. ಸಾವಿರಾರು ಜನರ ಮುಂದೆ, ಕೋಟಿಗಟ್ಟಲೆ ಜನ ನೋಡುತ್ತಿರುವಾಗ, ಮೂರು ನಿಮಿಷದ ಒಂದೇ ಅವಕಾಶದಲ್ಲಿ ಹಾಡುವವರ ಧೈರ್ಯ ಅಲ್ಲಿ ಕೇಳಿಸುತ್ತದೆ.

ವೇದಿಕೆಯ ಕಾಲಂ ಈಗ ತುಂಬಿ. ಕ್ಯಾಮೆರಾ ಹಾಡಿನ ಉಸಿರಿಗೆ ತಕ್ಕಂತೆ ಓಡುತ್ತಿದೆಯಾ, ಹಾಡನ್ನು ಮುಚ್ಚಿಹಾಕುತ್ತಿದೆಯಾ ಎಂದಷ್ಟೇ ನೋಡಿ.

ಓಟು ಮತ್ತು ಅಂಕ

2023ರಿಂದ ಪಾಲ್ಗೊಳ್ಳದ ದೇಶದವರೂ ಆನ್‌ಲೈನ್‌ನಲ್ಲಿ ಓಟು ಹಾಕಬಹುದು. ನಾವೂ ಹಾಕಬಹುದು. ಹೀಗೆ ಹೊರಗಿನವರೆಲ್ಲ ಹಾಕಿದ ಓಟು ಸೇರಿ ಒಂದು ದೇಶದ ಅಂಕದಷ್ಟು ತೂಗುತ್ತದೆ. ಕಾರ್ಡಿನಲ್ಲಿ ಹಣ ಕಟ್ಟಬೇಕು. ಅದಕ್ಕೆ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರ ಆನ್ ಆಗಿರಬೇಕು. ಇದನ್ನು ಹಗಲಲ್ಲೇ ಮಾಡಿಡಿ, ಓಟು ಮುಗಿದ ಮೇಲೆ ಮರೆಯದೆ ಆಫ್ ಮಾಡಿ. 2026ಕ್ಕೆ ಒಬ್ಬರ ಓಟಿನ ಮಿತಿಯನ್ನು 20ರಿಂದ 10ಕ್ಕೆ ಇಳಿಸಿದರು. ಹತ್ತನ್ನೂ ಒಂದೇ ಹಾಡಿಗೆ ಸುರಿಯುವ ಬದಲು ನಿಮ್ಮ ಪಟ್ಟಿಯ ಮೊದಲ ಮೂರಕ್ಕೆ ಹಂಚಿ.

ಅಂಕ ಎರಡು ಕಡೆಯಿಂದ ಬರುತ್ತದೆ: ಸಂಗೀತ ಬಲ್ಲ ತೀರ್ಪುಗಾರರಿಂದ ಅರ್ಧ, ಜನರಿಂದ ಅರ್ಧ. ತೀರ್ಪುಗಾರರು ಅಂಕ ಕೊಡುವುದು ಹಿಂದಿನ ರಾತ್ರಿಯ ತಾಲೀಮು ನೋಡಿ. ಅಂದರೆ ನೀವು ಕೇಳಿದ ಅದ್ಭುತ ಸ್ವರವನ್ನು ಅವರು ಕೇಳಿರುವುದೇ ಇಲ್ಲ. 2016ರಿಂದ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ. ಮೊದಲು ಒಂದೊಂದೇ ದೇಶದ ತೀರ್ಪುಗಾರರ ಅಂಕ, ಆಮೇಲೆ ಜನರ ಅಂಕ ಒಟ್ಟೊಟ್ಟಿಗೆ. ಕೊನೆಯ ಹತ್ತು ನಿಮಿಷದಲ್ಲಿ ಪಟ್ಟಿ ತಲೆಕೆಳಗಾಗುತ್ತದೆ. 2016ರಲ್ಲಿ ತೀರ್ಪುಗಾರರು ಆಸ್ಟ್ರೇಲಿಯಾವನ್ನು, ಜನ ರಷ್ಯಾವನ್ನು ಮೊದಲಿಟ್ಟರು. ಎರಡರಲ್ಲೂ ಎರಡನೆಯವರಾಗಿದ್ದ ಜಮಾಲಾ ಗೆದ್ದರು. 2023ರಲ್ಲಿ ಜನ ಫಿನ್ಲೆಂಡಿನ ಕ್ಯಾರಿಯ ಎನ್ನುವ ಗಾಯಕನಿಗೆ 376 ಅಂಕ ಸುರಿದರು. ಆದರೂ ತೀರ್ಪುಗಾರರ 340 ಅಂಕದ ಬಲದಿಂದ ಸ್ವೀಡನ್ನಿನ ಲೊರೀನ್ ಎರಡನೇ ಸಲ ಗೆದ್ದರು.

ಗ್ರೀಸ್, ಸೈಪ್ರಸ್ ಒಬ್ಬರಿಗೊಬ್ಬರು 12 ಕೊಟ್ಟುಕೊಳ್ಳುವುದು ಹಳೇ ರೂಢಿ. ಅದಕ್ಕೆ ಕೋಪ ಮಾಡಿಕೊಂಡು ರಾತ್ರಿ ಹಾಳು ಮಾಡಿಕೊಳ್ಳಬೇಡಿ. ಇದಕ್ಕಿಂತ ಭಾರವಾದ ವಿಷಯಗಳೂ ಇವೆ. 2022ರಲ್ಲಿ ರಷ್ಯಾವನ್ನು ಹೊರಗಿಟ್ಟರು. ಇಸ್ರೇಲ್ ಪಾಲ್ಗೊಳ್ಳುವುದನ್ನು ವಿರೋಧಿಸಿ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್‌ಲ್ಯಾಂಡ್ 2026ರ ಸ್ಪರ್ಧೆಯಿಂದ ಹಿಂದೆ ಸರಿದವು. ಇದನ್ನು ಕಡೆಗಣಿಸಿ ನೋಡಿ ಎಂದು ನಾನು ಹೇಳುವುದಿಲ್ಲ. ನೋಡುವುದೋ ಬಿಡುವುದೋ ನೀವೇ ಯೋಚಿಸಿ ತೀರ್ಮಾನ ಮಾಡಿ. ಗೆದ್ದವರ ಹಾಡಿಗೂ ಸೋತವರ ಹಾಡಿಗೂ ಮಾರ್ಚ್‌ನಲ್ಲಿ ನೀವು ಕೊಟ್ಟ ಕಿವಿ ಮಾತ್ರ ಒಂದೇ ಆಗಿರಲಿ.

ರಾತ್ರಿ ಎದ್ದಿರಲು ಆಗದವರಿಗೆ

ಭಾನುವಾರ ಬೆಳಿಗ್ಗೆ ನೋಡುವುದೂ ಚೆನ್ನಾಗಿಯೇ ಇರುತ್ತದೆ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ. ತೊಂದರೆ ಒಂದೇ, ಫಲಿತಾಂಶ ಮೊದಲೇ ಕಣ್ಣಿಗೆ ಬೀಳುವುದು. ಯೂಟ್ಯೂಬ್ ತೆರೆದರೆ ಮುಖಪುಟದಲ್ಲೇ ಗೆದ್ದವರ ಮುಖ ಕಾಣುತ್ತದೆ. ಅದಕ್ಕೆ ಶನಿವಾರವೇ ನೇರ ಪ್ರಸಾರದ ಲಿಂಕನ್ನು ನಿಮಗೆ ನೀವೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳಿ. ಬೆಳಿಗ್ಗೆ ನೇರವಾಗಿ ಅದನ್ನೇ ಒತ್ತಿ. ನೋಟಿಫಿಕೇಷನ್ ರಾತ್ರಿಯೇ ಬಂದ್ ಮಾಡಿ. ಮಕ್ಕಳಿಗೂ ಒಂದೊಂದು ಹಾಳೆ ಕೊಟ್ಟು 12, 10, 8 ಬರೆಯಲು ಹೇಳಿ. ದೊಡ್ಡವರು ಗಮನಿಸದ ಹಾಡನ್ನು ಅವರು ಮೊದಲಿಗೆ ಇಟ್ಟಿರುತ್ತಾರೆ.

ಫೈನಲ್ ಆದ ಮೇಲೆ

ಸೆಮಿಫೈನಲ್‌ನಲ್ಲೇ ಬಿದ್ದುಹೋದ ಹಾಡುಗಳನ್ನು ಇನ್ನೊಮ್ಮೆ ಕೇಳಿ. ಪ್ರತಿ ವರ್ಷವೂ ಅಲ್ಲಿ ಒಂದೆರಡು ಚಿನ್ನ ಉಳಿದಿರುತ್ತದೆ. ಇಷ್ಟವಾದ ಗಾಯಕರ ಬೇರೆ ಆಲ್ಬಂಗಳನ್ನು ಹುಡುಕಿ. ಸೋಬ್ರಲ್ ಅವರ ಜ್ಯಾಸ್ ಹಾಡುಗಳು ಹೀಗೇ ನನ್ನ ಕೈಗೆ ಸಿಕ್ಕವು.

ಸೆಪ್ಟೆಂಬರ್ 1ರ ನಂತರ ಬಿಡುಗಡೆಯಾದ ಹಾಡುಗಳಷ್ಟೇ ಮುಂದಿನ ಸ್ಪರ್ಧೆಗೆ ಅರ್ಹ. ಡಿಸೆಂಬರ್‌ನಲ್ಲಿ ಅಲ್ಬೇನಿಯಾ 1962ರಿಂದ ನಡೆಸುತ್ತಿರುವ ತನ್ನ ಹಾಡಿನ ಹಬ್ಬ ಬರುತ್ತದೆ. ಫೆಬ್ರವರಿಯಲ್ಲಿ ಇಟಲಿಯ ಸಾನ್ರೆಮೊ ಹಾಡಿನ ಹಬ್ಬ. 1951ರಲ್ಲಿ ಶುರುವಾದ ಅದನ್ನು ನೋಡಿಯೇ ಯೂರೋವಿಷನ್ ಹುಟ್ಟಿದ್ದು. ಸಾನ್ರೆಮೊದಲ್ಲಿ ಇವತ್ತಿಗೂ ಹಾಡಿನ ಹಿಂದೆ ಪೂರ್ತಿ ಆರ್ಕೆಸ್ಟ್ರಾ ನೇರವಾಗಿ ನುಡಿಸುತ್ತದೆ. ಐದು ರಾತ್ರಿ ನಡೆಯುತ್ತದೆ, ಎಲ್ಲ ಬೇಡ. ಮೊದಲ ರಾತ್ರಿಯ ಹಾಡುಗಳನ್ನು ಮಾತ್ರ ಹುಡುಕಿ, ವಿಡಿಯೊ ಮುಚ್ಚಿ ಕೇಳಿ.